ಬಾವುಟದ ಬಿದಿರು, ಗಾಳದ ಹಿಡಿ

ಏಕನಾಥ ಹರಿಕಂತ್ರನ ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮೇಲಕ್ಕೆ ಅದು ಅವನ ಮಾತು ಕೇಳುತ್ತಿರಲಿಲ್ಲ. ಬಸ್ಸಿನ ಸರಳು ಹಿಡಿಯಲು ಎಡಗೈ, ತಲೆ ಬಾಚಲು ಎಡಗೈ, ಕಚೇರಿಯಲ್ಲಿ ಬೀರುವಿನ ಮೇಲಿನ ಫೈಲು ಇಳಿಸಲು ಪಕ್ಕದ ಮೇಜಿನವನ ಕೈ. ಇಷ್ಟಕ್ಕೆಲ್ಲ ಅವನು ಒಗ್ಗಿಹೋಗಿದ್ದ. ಒಗ್ಗದೆ ಉಳಿದದ್ದು ಒಂದೇ, ಭಾನುವಾರ ಯಮುನೆಯ ದಂಡೆಯಲ್ಲಿ ಗಾಳ ಎಸೆಯುವ ಕೆಲಸ.

ಭುಜ ಹಾಳಾದದ್ದು ಹಳೆಯ ಕಥೆ. ಸಂಬಳದ ಪರಿಷ್ಕರಣೆ ಕೇಳಿ ನೌಕರರು ಬೀದಿಗಿಳಿದಿದ್ದ ಕಾಲ. ಮೆರವಣಿಗೆಯ ಮುಂದಿನ ಸಾಲಿನಲ್ಲಿ ಸಂಘದ ಬಾವುಟ ಹಿಡಿದಿದ್ದವನು ಏಕನಾಥ. ಲಾಠಿ ಮೊದಲು ಬೀಳುವುದು ಬಾವುಟದವನ ಮೇಲೆ, ಅದರಲ್ಲಿ ವಿಶೇಷವೇನಿಲ್ಲ. ಬೇಡಿಕೆ ಅರ್ಧ ಈಡೇರಿತು, ಭುಜ ಅರ್ಧ ಉಳಿಯಿತು. ವೇದಿಕೆಯ ಮೇಲೆ ನಿಂತು ಗುಡುಗುತ್ತಿದ್ದವರು ಬಡ್ತಿ ಪಡೆದು ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ಮನೆ ಮಾಡಿಕೊಂಡರು. ಏಕನಾಥ ಸರೋಜಿನಿ ನಗರದ ಅದೇ ಸರಕಾರಿ ಕ್ವಾರ್ಟರ್ಸಿನಲ್ಲಿ, ಅದೇ ಗುಮಾಸ್ತೆ ಕುರ್ಚಿಯಲ್ಲಿ ಉಳಿದ. ಚಳಿ ಜಾಸ್ತಿಯಾದ ವರ್ಷ ಭುಜವೂ ಜಾಸ್ತಿ ಬಿಗಿಯುತ್ತಿತ್ತು. ಎರಡು ಸಾವಿರದ ಆರರ ಜನವರಿಯಲ್ಲಂತೂ ನಲ್ಲಿಯ ನೀರು ಮುಟ್ಟಿದರೆ ಬೆರಳು ಕಚ್ಚಿದಂತಾಗುತ್ತಿತ್ತು.

ಅವನದು ಅಂಕೋಲೆಯ ಕಡೆಯ ಮೀನುಗಾರರ ಮನೆತನ. ಹಾಗಂತ ಯಮುನೆಯ ಮೀನು ತಿನ್ನುತ್ತಿದ್ದ ಎಂದುಕೊಳ್ಳಬೇಡಿ. ಇಡೀ ದಿಲ್ಲಿಯ ಕಕ್ಕಸು ಕುಡಿದು ಬೆಳೆದ ಮೀನು ಅದು. ಸಿಕ್ಕಿದ್ದನ್ನು ಓಖ್ಲಾದ ದಂಡೆಯಲ್ಲಿ ದೋಣಿ ಇಟ್ಟುಕೊಂಡಿದ್ದ ಬಿಶನ್‌ಲಾಲನಿಗೆ ಕೊಟ್ಟು, ತಾನು ಐಎನ್‌ಎ ಮಾರುಕಟ್ಟೆಗೆ ಹೋಗಿ ಐಸಿನಲ್ಲಿಟ್ಟ ಬಂಗಡೆ ಕೊಂಡು ಮನೆಗೆ ಬರುತ್ತಿದ್ದ. "ಹಾಗಾದ್ರೆ ಅಷ್ಟು ದೂರ ಹೋಗೋದ್ಯಾಕೆ?" ಎಂದು ಹೆಂಡತಿ ಗಿರಿಜಮ್ಮ ಮದುವೆಯಾದಾಗಿನಿಂದ ಕೇಳುತ್ತಿದ್ದಳು. ವಾರವಿಡೀ ಯಾರೋ ತಳ್ಳಿದ ಕಡೆ ಹೋಗುವ ಮನುಷ್ಯನಿಗೆ, ತಾನು ಎಸೆದದ್ದು ತಾನು ನೋಡಿದ ಜಾಗಕ್ಕೇ ಹೋಗಿ ಬೀಳುವುದು ಸಣ್ಣ ಸುಖವೇನಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಆ ಚಳಿಗಾಲದಲ್ಲಿ ಎಸೆದದ್ದೆಲ್ಲ ಕಾಲ ಬುಡದಲ್ಲೇ ಬೀಳತೊಡಗಿತು. ಸೀಸದ ಗುಂಡು ಕೆಸರಿನಲ್ಲಿ ತೊಪ್ಪೆಂದು ಬೀಳುವುದನ್ನು ಕೆಲವು ವಾರ ನೋಡಿದ ಬಿಶನ್‌ಲಾಲ ಒಂದು ದಿನ ಕೋಲನ್ನು ಇಸಿದುಕೊಂಡು, ತಾನೇ ಎಸೆದು, "ಲೋ ಬಾಬೂಜಿ, ಅಬ್ ಬೈಠೋ" ಎಂದು ಕೈಗೆ ಕೊಟ್ಟ. ಏಕನಾಥ ಕೂತ. ಬೇರೆಯವರು ಅಗಿದು ಬಾಯಿಗಿಟ್ಟ ಅನ್ನ ನುಂಗಿದ ಹಾಗಿತ್ತು.

ಮನೆಗೆ ಬಂದವನ ಮುಖ ನೋಡಿಯೇ ಗಿರಿಜಮ್ಮನಿಗೆ ತಿಳಿಯಿತು.

"ಆಸ್ಪತ್ರೆಗೆ ಹೋಗೋಣ ಅಂದೆ. ಕೇಳಿದ್ರಾ?"

"ಆಸ್ಪತ್ರೇಲಿ ಏನು ಮಾಡ್ತಾರೆ? ಸಾಲಲ್ಲಿ ನಿಲ್ಲಿಸ್ತಾರೆ. ಸಾಕಾಗಿದೆ ಮಾರಾಯ್ತಿ. ಹುಟ್ಟಿದಾಗಿಂದ ಸಾಲಲ್ಲೇ ನಿಂತಿದ್ದೀನಿ."

"ಕೈ ಬಿದ್ದುಹೋದ ಮೇಲೆ ನನ್ನ ಸಾಲಲ್ಲಿ ನಿಲ್ಲಿಸ್ತೀರಿ, ನಿಮಗೆ ಅನ್ನ ತಿನ್ನಿಸೋಕೆ."

"ಕೈ ಸರಿ ಇದೆ. ಕೋಲಿನ ಹಿಡಿ ಗಿಡ್ಡ."

ಮಾತಿಗೆ ಹೇಳಿದ್ದು. ಹೇಳಿದ ಮೇಲೆ ನಿಜವೆನ್ನಿಸಿತು. ಭುಜ ಮುರಿದ ಮೇಲೂ ಅವನು ಕಚೇರಿಯ ಗೇಟಿನೆದುರು ಬಾವುಟ ಬೀಸುವುದನ್ನು ಬಿಟ್ಟಿರಲಿಲ್ಲ. ಉದ್ದ ಬಿದಿರು, ಎರಡೂ ಕೈ. ಬಲಗೈ ಎದೆಯ ಮಟ್ಟದಲ್ಲಿ ಸುಮ್ಮನೆ ಆನಿಸಿಕೊಂಡಿರುತ್ತಿತ್ತು, ಬುಡ ಹಿಡಿದ ಎಡಗೈ ಹೊಟ್ಟೆಯ ಕಡೆಗೆ ಎಳೆಯುತ್ತಿತ್ತು, ತುದಿ ಆಕಾಶದಲ್ಲಿ ಹೊರಳುತ್ತಿತ್ತು. ಗಾಳದ ಕೋಲಿಗೂ ಅಂಥದೇ ಉದ್ದದ ಬುಡವಿದ್ದರೆ ಬಲಗೈ ತಲೆಯ ಮೇಲೆ ಹೋಗಬೇಕಾಗಿಯೇ ಇಲ್ಲ.

"ಹಿಡಿ ಉದ್ದ ಮಾಡ್ತೀನಿ. ಬರೋ ಭಾನುವಾರ ಎಸೆದು ತೋರಿಸ್ತೀನಿ."

"ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂದ್ರೆ ಕೋಲು ಯಾರಿಗಾದ್ರೂ ಕೊಟ್ಬಿಡು. ನೀನು ಹೇಳಿದ ಆಸ್ಪತ್ರೆಗೆ ಬರ್ತೀನಿ."

ಗಿರಿಜಮ್ಮ ಮಂಡಿಯ ಮೇಲಿನ ಶಾಲು ಸರಿಮಾಡಿಕೊಂಡು, "ಧನ್ಯಾ, ಕೇಳಿಸ್ಕೊಂಡ್ಯಾ? ಸಾಕ್ಷಿ ನೀನೇ," ಎಂದಳು.

ಮಗಳು ಧನ್ಯಾ ಕಾಲೇಜಿನ ಪುಸ್ತಕದಿಂದ ತಲೆಯೆತ್ತಲಿಲ್ಲ. "ಹಾಂ ಮಮ್ಮಿ, ಸುನ್ ಲಿಯಾ."

ಸಂಘದ ಬಾವುಟ ಮಂಚದ ಕೆಳಗಿತ್ತು. ಸಂಘವೂ ಹೆಚ್ಚುಕಡಿಮೆ ಅಲ್ಲಿಯೇ ಇತ್ತೆನ್ನಬೇಕು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗೇಟಿಗೆ ನಾಲ್ಕು ಜನ ಬಂದರೆ ಹೆಚ್ಚು. ಏಕನಾಥ ಬಟ್ಟೆಯನ್ನು ಬಿಚ್ಚಿ ಮಡಚಿಟ್ಟ. ಬಿದಿರಿನ ಬುಡದಿಂದ ಮೊಳದುದ್ದ ಕೊಯ್ದ. ಗಟ್ಟಿ ಬಿದಿರು, ವರ್ಷಗಟ್ಟಲೆ ಬಿಸಿಲು ತಿಂದು ಕಲ್ಲಾಗಿತ್ತು. ಗರಗಸ ಎಡಗೈಯಲ್ಲಿ ಹಿಡಿದರೆ ಅಡ್ಡಾದಿಡ್ಡಿ, ಬಲಗೈಯಲ್ಲಿ ಹಿಡಿದರೆ ಭುಜದೊಳಗೆ ಯಾರೋ ಮೊಳೆ ತಿರುವಿದಂತೆ. ಕುಳಿತು, ಕೊಯ್ದು, ಉಸಿರು ಬಿಟ್ಟು, ಮತ್ತೆ ಕೊಯ್ದ.

ಗಾಳದ ಕೋಲು ಒಳಗೆ ಟೊಳ್ಳಿನ ಫೈಬರಿನದು. ಬುಡದ ರಬ್ಬರು ಮುಚ್ಚಳ ಕಿತ್ತು, ಬಿದಿರಿನ ಒಂದು ತುದಿಯನ್ನು ಚಾಕುವಿನಿಂದ ಹೆರೆದು ಹೆರೆದು ಆ ಟೊಳ್ಳಿಗೆ ಬಿಗಿಯಾಗಿ ಕೂರುವಂತೆ ಮಾಡಿದ. ಮರಳುಕಾಗದದಲ್ಲಿ ಉಜ್ಜಿದ. ಎರಡು ಟ್ಯೂಬಿನ ಅಂಟನ್ನು ಹಳೆಯ ತಟ್ಟೆಯ ಮೇಲೆ ಹಿಂಡಿ ಬೆಂಕಿಕಡ್ಡಿಯಿಂದ ಕಲಸಿ, ಹಚ್ಚಿ, ತೂರಿಸಿ, ಸಂದಿನ ಮೇಲೆ ನೈಲಾನ್ ದಾರ ಸುತ್ತಿದ. ಕೊನೆಗೆ ಬಿದಿರಿನ ತುದಿಗೆ ಸೈಕಲ್ಲಿನ ಹ್ಯಾಂಡಲಿನ ರಬ್ಬರು ಹಿಡಿ.

"ಪಪ್ಪಾ, ಯೇ ಕ್ಯಾ ಹೈ, ಪೂರಾ ಮನೆ ಸ್ಮೆಲ್ ಬರ್ತಿದೆ," ಎಂದಳು ಧನ್ಯಾ. ಏಕನಾಥ ಕೋಲನ್ನು ಬಾಲ್ಕನಿಗೆ ಒಯ್ದು ಗೋಡೆಗೆ ಒರಗಿಸಿದ.

ಒಳಗಿಂದ ಗಿರಿಜಮ್ಮ ಹೇಳಿದಳು, "ಅಂಟು ಹಚ್ಚಿದ್ದು ತಾನೇ, ತಂದು ಹೀಟರ್ ಮುಂದೆ ಇಡಿ."

"ಕೋಲಿಗೇನು ನಿನ್ನ ಹಾಗೆ ಮಂಡಿನೋವೇ?"

ಅವನ ಊರಿನಲ್ಲಿ ಅಂಟಿಗೆ ಶತ್ರು ಒಬ್ಬನೇ, ಮಳೆ. ದೋಣಿಗೆ ಏನೇ ಅಂಟಿಸಿದರೂ ಆಕಾಶ ನೋಡಿ ಅಂಟಿಸುತ್ತಿದ್ದರು. ಮೋಡವಿಲ್ಲದಿದ್ದರೆ ಸಂಜೆಯೊಳಗೆ ಕಲ್ಲು. ದಿಲ್ಲಿಗೆ ಬಂದು ತಲೆ ನರೆತರೂ ಏಕನಾಥ ಅಂಟನ್ನು ಊರಿನ ಲೆಕ್ಕದಲ್ಲೇ ಹಚ್ಚಿದ. ಆಕಾಶ ನೋಡಿದ, ಮೋಡವಿರಲಿಲ್ಲ, ನೆಮ್ಮದಿಯಾಯಿತು. ಬಾಲ್ಕನಿಯ ಬಕೆಟ್ಟಿನ ನೀರು ಬೆಳಿಗ್ಗೆ ಐಸಿನಂತಿರುತ್ತಿದ್ದುದನ್ನು ಅವನು ಅಂಟಿಗೆ ತಾಳೆ ಹಾಕಲಿಲ್ಲ. ಶನಿವಾರ ಬೆರಳಿನಿಂದ ಒತ್ತಿದ. ಅಂಟು ಗಟ್ಟಿಯಾಗಿಯೇ ಇತ್ತು. ಚಳಿಗೆ ತುಪ್ಪವೂ ಗಟ್ಟಿಯಾಗಿರುತ್ತದೆ.

ಭಾನುವಾರ ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲಿ ಮಾರುಕಟ್ಟೆಯ ಬ್ಯಾರಿಕೇಡ್ ದಾಟಬೇಕು. ಕಳೆದ ದೀಪಾವಳಿಗೆ ಮುಂಚೆ ಆ ಮಾರುಕಟ್ಟೆಯಲ್ಲಿ ಬಾಂಬು ಸಿಡಿದ ನಂತರ ಅಲ್ಲಿ ತಪಾಸಣೆಯಿಲ್ಲದೆ ಕೈಚೀಲವನ್ನೂ ಬಿಡುತ್ತಿರಲಿಲ್ಲ. ಈತನೋ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದನೆಯ ವಸ್ತು ಹೊತ್ತು ಬರುತ್ತಿದ್ದ. ಪೇದೆ ತಡೆದ.

"ಕ್ಯಾ ಹೈ ಇಸ್ ಮೇ?"

"ಮೀನು ಹಿಡಿಯೋ ಕೋಲು ಭಾಯ್‌ಸಾಬ್, ಯಮುನೆಗೆ," ಎಂದು ಏಕನಾಥ ಹಿಂದಿಯಲ್ಲಿ ಹೇಳಿದ.

ಪೇದೆ ನಕ್ಕ. "ಯಮುನೆಯಲ್ಲಿ ಮೀನಾ? ಇದ್ದರೂ ಅದಕ್ಕೆ ಕ್ಷಯ ಹಿಡಿದಿರುತ್ತೆ." ಸೀರೆ ಬಿಚ್ಚಿ, ಬಿದಿರಿನ ಹಿಡಿಯನ್ನು ಅಂಗೈಗೆ ಎರಡು ಸಲ ಬಡಿದು ನೋಡಿದ. "ಡಂಡಾ ಬಢಿಯಾ ಹೈ," ಎಂದು ಒಳ್ಳೆಯ ಲಾಠಿ ಕಂಡವನಂತೆ ತಲೆದೂಗಿದ.

"ನಿಮಗೆ ಗೊತ್ತಿರದೆ ಇರುತ್ತಾ," ಎಂದು ಏಕನಾಥ ಕನ್ನಡದಲ್ಲಿ ಹೇಳಿ ಮುಂದೆ ನಡೆದ.

ಓಖ್ಲಾದಲ್ಲಿ ನದಿಯ ಮೇಲೆ ನೊರೆ ಬೆಟ್ಟಬೆಟ್ಟವಾಗಿ ತೇಲುತ್ತಿತ್ತು. ದೂರದಿಂದ ನೋಡಿದವರು ಹಿಮವೆನ್ನಬೇಕು, ಮೂಗು ಮಾತ್ರ ಮೋಸಹೋಗುವುದಿಲ್ಲ. ಬಿಶನ್‌ಲಾಲ ದೋಣಿಯ ಅಂಚಿನಲ್ಲಿ ಬೀಡಿ ಸೇದುತ್ತ ಕೂತಿದ್ದ. ಹೊಸ ಹಿಡಿಯನ್ನು ನೋಡಿ, "ಇದೇನು ಬಾಬೂಜಿ, ಕೋಲಿಗೆ ಬಾಲ ಬಂದಿದೆ?" ಎಂದ.

ಏಕನಾಥ ಕೋಲು ಎತ್ತಿದ. ಎಡಗೈ ಸೈಕಲ್ ರಬ್ಬರಿನ ಮೇಲೆ, ಬಲಗೈ ರೀಲಿನ ಹತ್ತಿರ, ಎದೆಯ ಮಟ್ಟಕ್ಕೆ. ಕಾಲು ಅಗಲಿಸಿ ನಿಂತ, ಗೇಟಿನೆದುರು ನಿಲ್ಲುವ ಹಾಗೆಯೇ. ಎಡಗೈಯನ್ನು ಹೊಟ್ಟೆಗೆ ಎಳೆದ.

ಕೋಲಿನ ತುದಿ ಸುಯ್ಯೆಂದಿತು. ರೀಲು ಬಿಚ್ಚಿಕೊಳ್ಳುತ್ತಲೇ ಹೋಯಿತು. ಸೀಸದ ಗುಂಡು ನೊರೆಯ ರಾಶಿಯನ್ನು ದಾಟಿ, ಆಚೆಯ ಕಪ್ಪು ನೀರಿನಲ್ಲಿ, ಅವನು ನೋಡಿದ್ದ ಜಾಗದಲ್ಲೇ ಬಿತ್ತು. ಭುಜ ಚಕಾರವೆತ್ತಲಿಲ್ಲ. ಬಿಶನ್‌ಲಾಲ ಬೀಡಿಯನ್ನು ಬಾಯಿಂದ ತೆಗೆದ.

"ಅರೇ ವಾಹ್."

ಅಲ್ಲಿಗೆ ನಿಲ್ಲಿಸಿ ಕೂತಿದ್ದರೆ ಆಗುತ್ತಿತ್ತು. ಆದರೆ ಹಸಿದವನು ಒಂದೇ ತುತ್ತಿಗೆ ಎಲೆ ಮಡಚುತ್ತಾನೆಯೇ? ದಾರ ಸುತ್ತಿಕೊಂಡು, ಇನ್ನೂ ದೂರ ನೋಡಿ, ಇನ್ನೂ ಜೋರಾಗಿ ಎಳೆದ. ಎಡಗೈ ಸಲೀಸಾಗಿ ಹೊಟ್ಟೆಗೆ ಬಂತು, ಬೇಕಾದ್ದಕ್ಕಿಂತ ಸಲೀಸಾಗಿ. ಬಲಗೈಗೆ ಹಿಡಿದುಕೊಳ್ಳುವ ಕಸುವಿರಲಿಲ್ಲ. ಕೋಲು, ರೀಲು ಎಲ್ಲ ಈಟಿಯಂತೆ ಹಾರಿ ನೊರೆಯೊಳಗೆ ಮುಳುಗಿತು. ಏಕನಾಥನ ಕೈಯಲ್ಲಿ ಉಳಿದದ್ದು ಬಾವುಟದ ಬಿದಿರು.

ಬಿಶನ್‌ಲಾಲ ನೊರೆಯನ್ನೊಮ್ಮೆ, ಬಿದಿರನ್ನೊಮ್ಮೆ ನೋಡಿದ. ಆಮೇಲೆ ತಡೆಯಲಾಗದೆ ಕೇಳಿದ, "ಈಗೇನು ಬಾಬೂಜಿ, ಘೋಷಣೆ ಕೂಗೋಣವಾ?"

ಏಕನಾಥನಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೆಸರಿನ ಮೇಲೆಯೇ ಕೂತ. ಬಿದಿರಿನ ಹೆರೆದ ತುದಿಯನ್ನು ಮುಟ್ಟಿ ನೋಡಿದ. ಬೆರಳಿಗೆ ಅಂಟು ಹತ್ತಿ ಬೆಲ್ಲದ ಪಾಕದ ಹಾಗೆ ಎಳೆಎಳೆಯಾಗಿ ಬಂತು. ಚಳಿಗೆ ಅದು ಕೂಡಿಕೊಂಡೇ ಇರಲಿಲ್ಲ. ಇಷ್ಟು ದಿನ ಸುಮ್ಮನೆ ಹಿಡಿದುಕೊಂಡಂತೆ ನಟಿಸಿತ್ತು, ಅಷ್ಟೇ. ಅವನಿಗೆ ಸಂಘದ ನೆನಪಾಯಿತು, ಅದನ್ನು ಅಲ್ಲಿಗೇ ಬಿಟ್ಟ. ಬಿಶನ್‌ಲಾಲ ದೋಣಿ ನೂಕಿ, ಹುಟ್ಟಿನಿಂದ ತಳ ಕೆದಕಿ, ಕೊನೆಗೂ ಕೋಲನ್ನು ಎತ್ತಿ ತಂದ. ರೀಲಿನ ತುಂಬ ಕಪ್ಪು ರೊಜ್ಜು.

ಆ ದಿನ ಬಂಗಡೆ ತರಲಿಲ್ಲ. ವಾಸನೆ ಹೊಡೆಯುವ ಸೀರೆಯ ಗಂಟನ್ನು ಬಾಗಿಲಲ್ಲೇ ಇಟ್ಟು ಏಕನಾಥ ನಡೆದದ್ದನ್ನೆಲ್ಲ ಹೇಳಿದ. ಸುಳ್ಳು ಹೇಳುವುದಕ್ಕೂ ಒಂದು ಶಕ್ತಿ ಬೇಕು.

"ಮೊದಲನೇದು ಬಿತ್ತಾ, ಇಲ್ವಾ?" ಎಂದಳು ಗಿರಿಜಮ್ಮ.

"ಬಿತ್ತು. ಹತ್ತು ವರ್ಷದಲ್ಲಿ ಅಷ್ಟು ದೂರ ಎಸೆದಿರ್ಲಿಲ್ಲ. ಬಿಶನ್‌ನ ಕೇಳು."

"ಕೇಳೋಕೆ ಅವನೇನು ನನ್ನ ಭಾವನಾ? ನಂಬ್ತೀನಿ. ಆ ಗೆಲುವು ನಿಮ್ಮದು." ಅವಳು ಎದ್ದು ಬಂದು ಮೂಗಿಗೆ ಸೆರಗು ಹಿಡಿದು ಗಂಟು ಬಿಚ್ಚಿದಳು. "ಎರಡನೇದು ಹಿಡಿಯೋಕೆ ಕೈಯಲ್ಲಿ ಬಲ ಇರ್ಲಿಲ್ಲ. ಅದು ನನ್ನದು. ಗುರುವಾರ ಆಸ್ಪತ್ರೆ."

"ಅಂಟು ಕೂಡ್ಲಿಲ್ಲ, ಅದಕ್ಕೆ ನಾನೇನು..."

"ಹೀಟರ್ ಮುಂದೆ ಇಡಿ ಅಂದಾಗ ಏನಂದ್ರಿ?"

"ಮಂಡಿನೋವಾ ಅಂತ ಕೇಳಿದ್ರು," ಎಂದಳು ಸಾಕ್ಷಿ ಧನ್ಯಾ.

ಗುರುವಾರ ಸರಕಾರಿ ಆಸ್ಪತ್ರೆಯಲ್ಲಿ ಸಾಲು ಮೆಟ್ಟಿಲಿಳಿದು ಅಂಗಳಕ್ಕೆ ಬಂದಿತ್ತು. ಏಕನಾಥ ನಿಂತ. ಒಳಗೆ ವ್ಯಾಯಾಮ ಚಿಕಿತ್ಸೆ ನೋಡಿಕೊಳ್ಳುತ್ತಿದ್ದ ಹುಡುಗಿ, ಧನ್ಯಾಳಿಗಿಂತ ಸ್ವಲ್ಪ ದೊಡ್ಡವಳು, ಭುಜ ಹಿಡಿದು ತಿರುವಿ ಅವನ ಕಣ್ಣಲ್ಲಿ ನೀರು ತರಿಸಿದಳು. ಔಷಧಿ ಬರೆಯಲಿಲ್ಲ. ಗೋಡೆಗೆ ಬೆರಳು ಊರಿ, ಇರುವೆ ಹತ್ತುವ ಹಾಗೆ ಕೈಯನ್ನು ಮೇಲಕ್ಕೆ ಹತ್ತಿಸಬೇಕು, ದಿನಾ ಎರಡು ಹೊತ್ತು, ನೋವಾದರೂ ನಿಲ್ಲಿಸಬಾರದು ಎಂದಳು. ಯಾವಾಗ ಸರಿಹೋಗುತ್ತದೆ ಎಂದು ಕೇಳಿದ್ದಕ್ಕೆ, "ಅಂಕಲ್, ಹಳೇದು. ಪೂರ್ತಿ ಹೋಗಲ್ಲ. ಸ್ವಲ್ಪ ಹೋಗುತ್ತೆ," ಎಂದು ಹಿಂದಿಯಲ್ಲಿ ಹೇಳಿ ಮುಂದಿನವರನ್ನು ಕರೆದಳು. ಅಷ್ಟು ನೇರವಾಗಿ ಯಾವ ಮುಖಂಡನೂ ಅವನಿಗೆ ಹೇಳಿರಲಿಲ್ಲ.

ಆ ಸಂಜೆ ಅವನು ಬಿದಿರಿನ ತುದಿಯ ಹಸಿ ಅಂಟನ್ನೆಲ್ಲ ಕೆರೆದು, ಹೊಸದಾಗಿ ಕಲಸಿ ಹಚ್ಚಿದ. ಗಿರಿಜಮ್ಮ ಹೀಟರಿನ ಮುಂದೆ ತನ್ನ ಮಂಡಿಗಳನ್ನು ಒಂದು ಬದಿಗೆ ಸರಿಸಿ ಕೋಲಿಗೆ ಜಾಗ ಮಾಡಿಕೊಟ್ಟಳು. ಮನೆ ತುಂಬ ಅಂಟಿನ ವಾಸನೆ. ಈ ಸಲ ಯಾರೂ ಏನೂ ಅನ್ನಲಿಲ್ಲ.

ಏಕನಾಥ ಗೋಡೆಗೆ ಮುಖ ಮಾಡಿ ನಿಂತು ಬಲಗೈಯ ಬೆರಳುಗಳನ್ನು ಹತ್ತಿಸತೊಡಗಿದ. ಸುಣ್ಣ ತಣ್ಣಗೆ ಕೊರೆಯುತ್ತಿತ್ತು. ಕ್ಯಾಲೆಂಡರಿನ ಕೆಳಗಿನ ಅಂಚು ಮುಟ್ಟಿದಾಗ ಬೆರಳು ನಿಂತವು. ಅವನು ಹಣೆಯನ್ನು ಗೋಡೆಗೆ ಆನಿಸಿ ಉಸಿರುಬಿಟ್ಟ.

"ಕ್ಯಾಲೆಂಡರ್ ಮೊಳೆವರೆಗೆ ಹೋಗ್ಬೇಕು," ಎಂದಳು ಗಿರಿಜಮ್ಮ, ತಿರುಗಿ ನೋಡದೆ.

"ನಾಳೆ," ಎಂದ ಏಕನಾಥ.