ಕಣಗಿಲೆ ಬುಡದಲ್ಲಿ ಮೊರದಗಲ ಮಣ್ಣು

ಇವತ್ತು ಅಂಗಳ ಗುಡಿಸಿದೆ, ನಳ ಬಂದಾಗ ಆರು ಕೊಡ ನೀರು ಹಿಡಿದೆ, ಹೆಸರುಕಾಳು ನೆನೆಹಾಕಿದೆ, ಸೆಗಣಿ ಕಲಸಿ ಅಂಗಳ ಸಾರಿಸಿದೆ. ಪೂಜೆಗೆ ಕಣಗಿಲೆ ಹೂ ಬಿಡಿಸುವಾಗ ಎಲೆಯಡಿ ಬೆಳ್ಳಿ ಝುಮಕಿಯಂಥ ಚಿಟ್ಟೆಯ ಕೋಶವೊಂದು ಮಿಂಚಿತು. ಪಕ್ಕದ ಮನೆಯ ದೊಡ್ಡವ್ವ ನೆನಪಾದಳು...

ನಾನು ಕುಷ್ಟಗಿಗೆ ಸೊಸೆಯಾಗಿ ಬಂದ ವರ್ಷವದು. ಅವಳ ಅಂಗಳದ ಕಣಗಿಲೆಗೆ ಎರಡು ಬಗೆಯ ಹುಳು ಬರುತ್ತಿದ್ದವು. ಪಟ್ಟೆ ಪಟ್ಟೆಯದು ಎಲೆಯಡಿಯೇ ಝುಮಕಿಯಾಗಿ ಜೋತುಬಿದ್ದು, ಎಲ್ಲರ ಕಣ್ಣೆದುರೇ ಬಿಳಿ ಚುಕ್ಕೆಯ ಕಂದು ಚಿಟ್ಟೆಯಾಗಿ ಹಾರುತ್ತಿತ್ತು. ಬೆರಳುಗಾತ್ರದ ಹಸಿರು ಹುಳು ಮಾತ್ರ ಕೆಳಗಿಳಿದು ಬುಡದ ಸಡಿಲ ಮಣ್ಣು ಸೇರಿಬಿಡುತ್ತಿತ್ತು. ಅದು ಪತಂಗದ್ದು. ವರ್ಷಾ ವರ್ಷಾ ಕೋಳಿಗಳು ಕೆದರಿ ತಿನ್ನುತ್ತಿದ್ದವು. ಅದು ಹೊರಬರುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬುದು ದೊಡ್ಡವ್ವನ ಆಸೆ.

ಆ ಸಲ ಅವಳು ಯಲಬುರ್ಗಾ ಕಡೆಯ ಮಂಗಳೂರಿಗೆ, ಮಗಳ ಮನೆಗೆ, ವಾರದ ಮಟ್ಟಿಗೆ ಹೊರಟಳು. ಗಿಡದ ಹುಳು ಜೋಪಾನ ಎಂದಳು. ನಾನು ದಿನಕ್ಕೆ ಹತ್ತು ಸಲ ಝುಮಕಿ ನೋಡಿದೆ, ಕಾಗೆ ಓಡಿಸಿದೆ. ಅವಳು ಬರುವ ಹಿಂದಿನ ದಿನ, ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಗೆ, ಅವಳ ಅಂಗಳವನ್ನೂ ಗಿಡದ ಬುಡದವರೆಗೆ ದಪ್ಪಗೆ ಸಾರಿಸಿಟ್ಟೆ.

ಚೀಲ ಇಳಿಸುವ ಮೊದಲೇ ಅವಳು ಬುಡ ನೋಡಿದಳು.

"ಝುಮಕಿ ಛಲೋ ಕಾಯ್ದೀ ತಂಗಿ. ಮಣ್ಣಾಗ ಮಲಗಿದ್ದಕ್ಕ ಬಾಗಲಾ ಹಾಕಿಬಿಟ್ಟಿ."

ಕುಕ್ಕರಗಾಲಲ್ಲಿ ಕೂತು, ಒಣಗಿದ ಸೆಗಣಿಗೆ ನೀರು ಚಿಮುಕಿಸಿ, ಚಮಚದ ಹಿಡಿಯಿಂದ ಚೂರು ಚೂರೇ ಎಬ್ಬಿಸಿದಳು. ನಾನು ಅಳುತ್ತಾ ನಿಂತಿದ್ದೆ. ಖರ್ಜೂರದಂಥ ಕಂದು ಕೋಶ ಸಿಕ್ಕಿತು. ಬೆರಳು ತಾಕಿಸಿದಳು. ಬಾಲ ಹೊರಳಿಸಿತು.

"ಜೀವ ಐತಿ. ಅಳೋದು ಸಾಕ್ ಮಾಡಿ ಕೋಳಿ ಮುಚ್ಚೋ ಬುಟ್ಟಿ ತಗೊಂಬಾ. ಈ ಸಲ ಕೋಳಿ ಹೊರಗ, ಇದು ಒಳಗ."

ನಾಲ್ಕನೆಯ ದಿನ ದೀಪ ಹಚ್ಚುವ ಹೊತ್ತಿಗೆ ಬುಟ್ಟಿಯೊಳಗೆ ಸರಪರ ಸದ್ದು. ಬುಟ್ಟಿ ಎತ್ತಿದೆವು. ಮುದುಡಿದ ರೆಕ್ಕೆ ಮೆಲ್ಲಗೆ ಬಿಚ್ಚಿಕೊಂಡವು: ಹಸಿರು, ನಡುವೆ ಗುಲಾಬಿ ಗೀರು. ಚಿಟ್ಟೆ ರೆಕ್ಕೆ ಮಡಚಿ ನಿಲ್ಲುತ್ತದೆ, ಇದು ಹರಡಿ ಕೂತಿತು. ಮಣೆ ಹಾಕಿಕೊಂಡು ಕೂತ ದೊಡ್ಡವ್ವ ಅದು ಹಾರುವವರೆಗೂ ಏಳಲಿಲ್ಲ... ಎರಡರಲ್ಲಿ ಚೆಂದ ಯಾವುದೆಂದು ಕೇಳಿದರೆ ನಾನು ಇಂದಿಗೂ ತಡವರಿಸುವುದಿಲ್ಲ. ಮಣ್ಣಿನಲ್ಲಿದ್ದದ್ದೇ.

ದೊಡ್ಡವ್ವ ಈಗಿಲ್ಲ. ಅವಳ ಅಂಗಳಕ್ಕೆ ಫರ್ಸಿ ಕಲ್ಲು ಹಾಸಿದ್ದಾರೆ. ನಮ್ಮಲ್ಲಿರುವುದು ಅವಳು ಕೊಟ್ಟ ಟೊಂಗೆಯಿಂದ ಬೆಳೆದ ಗಿಡ. ಇವತ್ತೂ ಅದರ ಬುಡದಲ್ಲಿ ಮೊರದಗಲ ಮಣ್ಣು ಬಿಟ್ಟೇ ಸಾರಿಸಿದೆ, ಹಸಿರು ಹುಳು ಇಳಿದ ಜಾಗದ ಮೇಲೆ ಮತ್ತೆ ಬುಟ್ಟಿ ಬೋರಲು ಹಾಕಿದೆ. ಮಣೆ ಹಾಕಿ ಕೂಡಿಸಲು ಅವಳಿಲ್ಲ, ಅಷ್ಟೇ.

ರಾತ್ರಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ ಉಂಡೆವು. ನಮ್ಮಿಬ್ಬರಲ್ಲಿ ಮೊದಲು ಮಲಗಿದವರು ಮನೆಯವರು. ಬುಟ್ಟಿಯ ಕೆಳಗಿನದು ಅವರಿಗಿಂತ ವಾರ ಮೊದಲೇ ಮಲಗಿದೆ.