ಅರ್ಧಕ್ಕೂ ಒಂದೂವರೆಗೂ ನಡುವೆ

ಲ್ಯಾಬ್‌ಗೆ ಹೊಸ ಅನಲೈಸರ್ ಬಂದ ದಿನ ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಇದೆ ಎಂದು ಗೊತ್ತಿರಲಿಲ್ಲ ಎನ್ನುವುದೇ ಸರಿ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರದ ಚಿಕ್ಕ ಲ್ಯಾಬ್ ನಮ್ಮದು. ಹದಿಮೂರು ವರ್ಷದಿಂದ ನಾನು ಅಲ್ಲಿ ಟೆಕ್ನಿಷಿಯನ್. ಮಾಲೀಕರು ಸುಬ್ರಾಯರು. ನನಗೆ ಸೂಜಿ ಹಿಡಿಯಲು ಕಲಿಸಿದವರೂ ಅವರೇ. ಮೆಷಿನ್ ಜೋಡಿಸಲು ಬಂದವನು, "ಆರೋಗ್ಯವಾಗಿರೋರ ಒಂದು ಸ್ಯಾಂಪಲ್ ಕೊಡಿ ಮೇಡಂ, ಓಡಿಸಿ ತೋರಿಸ್ತೀನಿ" ಎಂದ. ನಾನು ನನ್ನ ತೋಳನ್ನೇ ಚಾಚಿದೆ. ಶುಗರ್ ಸರಿಯಿತ್ತು, ಕಿಡ್ನಿಯ ಕ್ರಿಯಾಟಿನಿನ್ ಸರಿಯಿತ್ತು. ಲಿವರ್‌ನ ಎಸ್‌ಜಿಪಿಟಿ ಮಾತ್ರ ತೊಂಬತ್ತೆರಡು. ನಲವತ್ತರ ಒಳಗಿರಬೇಕಾದದ್ದು.

"ನಿಮ್ಮ ಮೆಷಿನ್ ಸರಿಯಿಲ್ಲ" ಎಂದೆ.

ಅವನು ಅಂಕಿ ಮೊದಲೇ ಗೊತ್ತಿರುವ, ಕಂಪನಿಯ ಕಂಟ್ರೋಲ್ ಸೀರಮ್ ಹಾಕಿದ. ಬರಬೇಕಾದ ಅಂಕಿಯೇ ಬಂತು. ನನ್ನದನ್ನು ಮತ್ತೆ ಹಾಕಿದ. ತೊಂಬತ್ತೊಂದು.

ಮಧ್ಯಾಹ್ನ ಊಟಕ್ಕೆ ಹೋಗದೆ ನನ್ನ ರಕ್ತದ ಸೀರಮ್ಮಿನ ಎರಡು ಹನಿಯನ್ನು ಹೆಪಟೈಟಿಸ್ ಬಿ ಕಾರ್ಡಿನ ಮೇಲೆ ಬಿಟ್ಟೆ. ಇಂಥ ಕಾರ್ಡುಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಗೆರೆ ಬಂದರೆ ಕಾಯಿಲೆ ಇಲ್ಲ, ಎರಡು ಬಂದರೆ ಇದೆ. ಹದಿನೈದು ನಿಮಿಷ ಕಾಯಬೇಕು.

ಎರಡನೇ ಗೆರೆ ಐದೇ ನಿಮಿಷಕ್ಕೆ ಮೂಡಿತು.

ಸುಬ್ರಾಯರು ಬಂದು ಕಾರ್ಡ್ ನೋಡಿದರು. "ಯಾರದ್ದು ಇದು?"

"ನಂದು ಸರ್."

ಅವರು ಸ್ಟೂಲ್ ಎಳೆದು ಕೂತರು. ನಾನೇ ಕೇಳಿದೆ, "ನಾಳೆಯಿಂದ ನಾನು ಬರ್ಲಾ, ಬೇಡ್ವಾ ಸರ್?"

"ಎಂತ ಮಾತು ಆಡ್ತೀಯ ಮಾರಾಯ್ತಿ. ಗ್ಲೌಸ್ ಹಾಕ್ಕೊಂಡು ಕೆಲ್ಸ ಮಾಡು. ಮೊದ್ಲು ಡಾಕ್ಟ್ರ ಹತ್ರ ಹೋಗು."

ನನ್ನ ಗಂಡ ನಾಗೇಶನಿಗೆ ಬಾಳಗಡಿಯಲ್ಲಿ, ಕಾಲೇಜಿನ ಎದುರು, ಜೆರಾಕ್ಸ್ ಅಂಗಡಿ. ಸಂಜೆಯವರೆಗೆ ಕಾಯಲಾಗದೆ ನೇರ ಅಲ್ಲಿಗೇ ಹೋದೆ. ವಿಷಯ ಕೇಳಿ ಅವರು ಮೆಷಿನ್ ನಿಲ್ಲಿಸಿದರು. "ಲಿವರ್ ಅಂದ್ರೆ ಕುಡಿಯೋರಿಗೆ ಬರೋದಲ್ವನೇ?" ಮುಂದೆ ಎಲ್ಲರೂ ಕೇಳಿದ್ದು ಇದನ್ನೇ. ವೈರಸ್ಸಿನಿಂದಲೂ ಬರುತ್ತದೆ, ರಕ್ತದಿಂದ ಹರಡುತ್ತದೆ, ಗಂಡ ಹೆಂಡಿರಲ್ಲೂ ಹರಡಬಹುದು ಎಂದು ಹೇಳುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಅವರು ಶರ್ಟಿನ ತೋಳು ಮಡಿಸಿದರು. "ಹಂಗಾರೆ ನಂದೂ ತೆಗಿ. ಪಾಪುದೂ ತೆಗಿ."

ಇಬ್ಬರದೂ ಒಂದೇ ಗೆರೆ. ಮಗಳು ಪಲ್ಲವಿಗೆ ಎಂಟು ವರ್ಷ. ನನ್ನ ಕೆಲಸದ ಹೆದರಿಕೆಯಿಂದ ಹುಟ್ಟಿದ ದಿನವೇ ಅವಳಿಗೆ ಲಸಿಕೆ ಹಾಕಿಸಿದ್ದೆ. ಅವಳ ಕಾರ್ಡನ್ನು ಹದಿನೈದಲ್ಲ, ಇಪ್ಪತ್ತು ನಿಮಿಷ ನೋಡಿದೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತೆ. ಇಡೀ ಕಾಯಿಲೆಯಲ್ಲಿ ನಾನು ಬಿಕ್ಕಿ ಅತ್ತಿದ್ದು ಅದೊಂದೇ ಸಲ.

ಶೃಂಗೇರಿ ಮೇಲೆ ಘಟ್ಟ ಇಳಿದು ಮಂಗಳೂರಿಗೆ ಹೋದೆವು. ಡಾಕ್ಟರ್ ನನಗಿಂತ ಸ್ವಲ್ಪವೇ ದೊಡ್ಡವರು, ಮೆಲ್ಲಗೆ ಮಾತಾಡುವ ಹೆಂಗಸು. "ವೈರಸ್ ಇದೆ ಅನ್ನುವುದು ಒಂದು ವಿಷಯ. ಅದು ಲಿವರ್‌ಗೆ ಎಷ್ಟು ಪೆಟ್ಟು ಕೊಟ್ಟಿದೆ ಅನ್ನುವುದು ಬೇರೆಯೇ ವಿಷಯ" ಎಂದರು. ಗಾಯ ಮಾಗಿದಲ್ಲಿ ಚರ್ಮದ ಮೇಲೆ ಕಲೆ ಉಳಿಯುವ ಹಾಗೆ ಲಿವರ್‌ನಲ್ಲೂ ಉಳಿಯುತ್ತದಂತೆ. ಫೈಬ್ರೋಸಿಸ್. ಅದು ಬೆಳೆಯುತ್ತಾ ಹೋದರೆ ಲಿವರ್ ಕಲ್ಲಾಗುತ್ತದೆ. ಸ್ಕ್ಯಾನ್‌ನಲ್ಲಿ ಶುರುವಿನ ಕಲೆ ಕಾಣುವುದಿಲ್ಲ. ಸೂಜಿ ಹಾಕಿ ಲಿವರ್‌ನ ಚೂರು ತೆಗೆದು ನೋಡುವ ಬಯಾಪ್ಸಿಯೇ ಖಚಿತ. ಅದಕ್ಕೂ ಮೊದಲು ರಕ್ತದಿಂದಲೇ ಒಂದು ಅಂದಾಜು ಮಾಡಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಲಿವರ್‌ನ ಇನ್ನೊಂದು ಅಂಕಿಯಾದ ಎಸ್‌ಜಿಒಟಿಯನ್ನು ನಲವತ್ತರಿಂದ ಭಾಗಿಸಿ, ಬಂದದ್ದನ್ನು ಸಾವಿರಗಳಲ್ಲಿ ಹಿಡಿದ ಪ್ಲೇಟ್‌ಲೆಟ್ ಎಣಿಕೆಯಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಉತ್ತರ ಅರ್ಧಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ಕಲೆ ಇರಲಿಕ್ಕಿಲ್ಲ. ಒಂದೂವರೆ ದಾಟಿದರೆ ಇರುವ ಸಾಧ್ಯತೆಯೇ ಹೆಚ್ಚು.

"ಎರಡೂ ನಿಮ್ಮ ಲ್ಯಾಬ್‌ನಲ್ಲೇ ಆಗ್ತದಲ್ಲ? ಮಾಡಿಸಿಕೊಂಡು ಬನ್ನಿ."

ನಮ್ಮಲ್ಲಿ ಪ್ಲೇಟ್‌ಲೆಟ್ ಎಣಿಸುವುದು ಮೈಕ್ರೋಸ್ಕೋಪಿನ ಕೆಳಗೆ, ಕಣ್ಣಿನಿಂದ. ಸಣ್ಣ ಚೌಕಗಳಲ್ಲಿ ಹೊಳೆಯುವ ಚುಕ್ಕೆಗಳು. ಧೂಳು ಯಾವುದು, ಪ್ಲೇಟ್‌ಲೆಟ್ ಯಾವುದು ಎಂದು ನನ್ನ ಕಣ್ಣಿಗೆ ಚೆನ್ನಾಗಿ ಗೊತ್ತು. ಆದರೂ ಆ ದಿನ, ಬೇರೆಯವರ ರಕ್ತದಲ್ಲಾದರೆ ಬಿಟ್ಟುಬಿಡುತ್ತಿದ್ದ ಅನುಮಾನದ ಚುಕ್ಕೆಗಳನ್ನೆಲ್ಲ ಸೇರಿಸಿಕೊಂಡು ಎಣಿಸಿದೆ. ಒಂದು ಲಕ್ಷ ತೊಂಬತ್ತು ಸಾವಿರ ಎಂದು ಬರೆದೆ.

ಸುಬ್ರಾಯರು ಅದೇ ಟ್ಯೂಬಿನಿಂದ ತಾವೊಮ್ಮೆ ಎಣಿಸಿದರು. ಒಂದು ಲಕ್ಷ ಅರವತ್ತು ಸಾವಿರ.

"ನಿನ್ನ ರಕ್ತ ನೀನು ಎಣಿಸ್ಬಾರ್ದು ಸುಮಿತ್ರಾ" ಎಂದರು. ಬೈದ ದನಿಯಲ್ಲ. ಆದರೂ ನಾಚಿಕೆಯಾಯಿತು. ನನಗೆ ನಾನೇ ಸುಳ್ಳು ರಿಪೋರ್ಟ್ ಕೊಟ್ಟುಕೊಂಡು ಯಾರನ್ನು ಉಳಿಸಬೇಕೆಂದಿದ್ದೆ? ಇನ್ನು ಮುಂದೆ ಯಾವ ಅಂಕಿ ಬಂದರೂ ಇದ್ದಂತೆಯೇ ನೋಡುತ್ತೇನೆ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಎಸ್‌ಜಿಒಟಿ ಅರವತ್ತನಾಲ್ಕು. ಲೆಕ್ಕ ಹಾಕಿದರೆ ಉತ್ತರ ಒಂದು.

ನಟ್ಟನಡುವೆ.

"ನಡುವೆ ಬಂದರೆ ಈ ಲೆಕ್ಕ ಏನನ್ನೂ ಹೇಳುವುದಿಲ್ಲ" ಎಂದರು ಡಾಕ್ಟರ್. ಮುಂಬೈಗೆ ಕಳಿಸಿ ಮಾಡಿಸುವ ಇನ್ನೂ ದೊಡ್ಡ ರಕ್ತಪರೀಕ್ಷೆ ಇದೆ, ಅದೂ ಕೆಲವರಲ್ಲಿ ಹೀಗೆ ನಡುವೆಯೇ ನಿಲ್ಲುತ್ತದೆ ಎಂದರು. ನಾಗೇಶ "ಅದನ್ನೇ ಮಾಡ್ಸಾಣ" ಎನ್ನುವಷ್ಟರಲ್ಲಿ ನಾನು ಹೇಳಿಬಿಟ್ಟೆ:

"ಬಯಾಪ್ಸಿ ಮಾಡಿ ಡಾಕ್ಟ್ರೆ."

ಬಲಗಡೆ ಪಕ್ಕೆಲುಬುಗಳ ನಡುವೆ ಮರಗಟ್ಟಿಸುವ ಇಂಜೆಕ್ಷನ್. ಉಸಿರು ಹಿಡಿಯಿರಿ ಎಂದರು. ಹಿಡಿದೆ. ಟಕ್ ಎಂದಿತು. ನೋವು ಹೊಟ್ಟೆಯಲ್ಲಿ ಬರಲಿಲ್ಲ, ವಿಚಿತ್ರವೆಂದರೆ ಬಲ ಭುಜದಲ್ಲಿ ಬಂತು. ನಾಲ್ಕು ಗಂಟೆ ಬಲಮಗ್ಗುಲಲ್ಲೇ ಮಲಗಿಸಿದರು. ಹದಿಮೂರು ವರ್ಷ ಜನರಿಗೆ "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ" ಎಂದು ಹೇಳುತ್ತಾ ಬಂದವಳು ನಾನು. ಇನ್ನು ಹಾಗೆ ಹೇಳಬಾರದು ಅನ್ನಿಸಿತು.

ನಾಲ್ಕು ಹಂತಗಳಲ್ಲಿ ನನ್ನದು ಎರಡನೆಯದು. ಕಲೆ ಇದೆ, ಕಲ್ಲಾಗಿಲ್ಲ. ದಿನಕ್ಕೊಂದು ಮಾತ್ರೆ, ಬಿಡದೆ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ.

ಯಾವುದೋ ರೋಗಿಯ ಸೂಜಿ ನನಗೆ ಚುಚ್ಚಿದ್ದೇ ಇದಕ್ಕೆ ಕಾರಣವೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಡಾಕ್ಟರ್ ಮಾತಿನ ನಡುವೆ ಕೇಳಿದರು, "ತಾಯಿ ಇದ್ದಾರಾ?"

ಇಲ್ಲ. ನನಗೆ ಹದಿನೈದಾಗಿದ್ದಾಗ, ನರಸಿಂಹರಾಜಪುರದ ಮನೆಯಲ್ಲಿ, ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಹೋದಳು. ಕಾಮಾಲೆ ಎಂದಿದ್ದರು. ನಾಟಿ ಔಷಧಿ ಕೊಡಿಸಿದ್ದೆವು.

ಡಾಕ್ಟರ ಪೆನ್ನು ನಿಂತಿತು. "ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು. ನಿಮಗೆ ಒಡಹುಟ್ಟಿದವರು?"

ಅಣ್ಣ ಒಬ್ಬನಿದ್ದಾನೆ. ರಾಜಣ್ಣ.

ವಾಪಸ್ ಬರುವ ಬಸ್ಸಿನಲ್ಲಿ ಅಮ್ಮನನ್ನೇ ನೆನೆಯುತ್ತಾ ಕೂತಿದ್ದೆ. ಸಿಟ್ಟು ಬರಲಿಲ್ಲ. ತನಗೇನಾಗಿದೆ ಎಂದು ತಿಳಿಯದೆಯೇ ಅವಳು ಹೋದಳು. ಅವಳ ಕಾಲದಲ್ಲಿ ಒಂದು ಟ್ಯೂಬ್ ರಕ್ತ ತೆಗೆದು ನೋಡುವವರು ನಮ್ಮ ಮನೆಯ ಹತ್ತಿರ ಯಾರೂ ಇರಲಿಲ್ಲ. ಅಣ್ಣನಿಗೆ ನಾನಿದ್ದೇನೆ.

ಅಣ್ಣನದು ನರಸಿಂಹರಾಜಪುರದಲ್ಲೇ ವೆಲ್ಡಿಂಗ್ ಶಾಪ್. ಎರಡು ಭಾನುವಾರ ಹೋಗಿ ಬಂದೆ. ಎರಡು ಸಲವೂ, "ನಂಗೆ ಎಂತದೂ ಆಗಿಲ್ಲ, ಗಟ್ಟಿ ಇದೀನಿ" ಎಂದು ಕಳಿಸಿದ. ಮೂರನೇ ಭಾನುವಾರ ಸಿರಿಂಜು, ಟ್ಯೂಬ್ ಎಲ್ಲ ಬ್ಯಾಗಿನಲ್ಲಿಟ್ಟುಕೊಂಡೇ ಹೋದೆ.

"ಅಮ್ಮಂಗೆ ಬಂದಿದ್ದು ಕಾಮಾಲೆ. ಅದು ಅವತ್ತೇ ಮುಗ್ದು ಹೋಯ್ತು" ಎಂದ.

"ಮುಗ್ದಿಲ್ಲ ಅಣ್ಣ. ನನ್ನ ಹತ್ರ ಬಂದಿದೆ. ನೀನು ತೋಳು ಕೊಡೋ ತನಕ ನಾನು ಬಸ್ ಹತ್ತಲ್ಲ."

ಒಳಗಿನಿಂದ ಅತ್ತಿಗೆ ಬಂದರು. "ಕೊಡಿ ಅಂದ್ರೆ! ಅವ್ಳು ಲಿವರ್‌ಗೇ ಸೂಜಿ ಹಾಕಿಸ್ಕೊಂಡು ಬಂದಿದಾಳೆ. ನಿಮಗೆ ಇಷ್ಟಕ್ಕೆ ಹೆದ್ರಿಕೆಯಾ?"

ಅಣ್ಣ ಮುಖ ಆಚೆ ತಿರುಗಿಸಿ ತೋಳು ಚಾಚಿದ. ಕಿಡಿ ಹಾರಿ ಸುಟ್ಟ ಗುರುತುಗಳ ನಡುವೆ ನರ ಹುಡುಕಿದೆ. ಮೊದಲ ಸಲಕ್ಕೇ ಸಿಕ್ಕಿತು.

ಅವನದೂ ಎರಡು ಗೆರೆ.

ಅವನ ಪ್ಲೇಟ್‌ಲೆಟ್ ನಾನು ಎಣಿಸಲಿಲ್ಲ. ಸುಬ್ರಾಯರಿಗೆ ಕೊಟ್ಟೆ. ಉತ್ತರ ಅರ್ಧಕ್ಕಿಂತ ಕೆಳಗೆ ಬಂತು. ಮಂಗಳೂರಿನ ಡಾಕ್ಟರೂ ಉಳಿದ ಪರೀಕ್ಷೆಗಳನ್ನು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಕುಡಿತ ಪೂರ್ತಿ ಬಿಡಬೇಕು, ಆರು ತಿಂಗಳಿಗೊಮ್ಮೆ ರಕ್ತ ನೋಡಲೇಬೇಕು ಎಂದರು. ಅತ್ತಿಗೆ, ಮಕ್ಕಳದು ಒಂದೇ ಗೆರೆ ಬಂತು; ಅವರಿಗೆಲ್ಲ ಲಸಿಕೆ ಹಾಕಿಸಿದೆವು.

ನನ್ನ ಮೊದಲ ಆರು ತಿಂಗಳು ಈಚೆಗೆ ಮುಗಿಯಿತು. ಎಸ್‌ಜಿಒಟಿ ಮೂವತ್ತೆಂಟಕ್ಕೆ ಇಳಿದಿದೆ. ಲೆಕ್ಕದ ಉತ್ತರ ಅರ್ಧಕ್ಕೆ ಹತ್ತಿರ ಬಂದಿದೆ, ಅರ್ಧದ ಕೆಳಗೆ ಇನ್ನೂ ಹೋಗಿಲ್ಲ. "ಒಳಗಿನ ಉರಿ ಇಳಿದಿದೆ. ಕಲೆ ಹೋಗಿದೆ ಅಂತ ಈ ಅಂಕಿ ನೋಡಿ ನಾನು ಹೇಳಲಾರೆ" ಎಂದರು ಡಾಕ್ಟರ್. ಹೇಳಲಾಗದ್ದನ್ನು ಹೇಳದೆ ಇದ್ದದ್ದಕ್ಕೆ ಅವರ ಮೇಲಿನ ನಂಬಿಕೆ ಹೆಚ್ಚಾಯಿತು.

ಅಣ್ಣನಿಗೂ ಆರು ತಿಂಗಳಾಗುವ ದಿನ ನೆನಪಿಸಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ. ಆ ದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಆಗಲೇ ಕೂತಿದ್ದ. ಖಾಲಿ ಹೊಟ್ಟೆ ಬೇಕಿಲ್ಲ ಎಂದು ಹೇಳಿದ್ದರೂ ಕಾಫಿ ಕೂಡ ಕುಡಿದಿರಲಿಲ್ಲ.

"ಬೇಗ ತೆಗಿ ಮಾರಾಯ್ತಿ, ಹಸಿವಾಗ್ತಿದೆ" ಎಂದು ತಾನೇ ಶರ್ಟಿನ ತೋಳು ಮೇಲೆ ಮಡಿಸಿದ.