ಪಾಳಿಯ ರೊಟ್ಟಿ

"ನೀವು ಪಾಳಿ ಕೆಲಸ ಮಾಡ್ತೀರೇನು?" ಎಂದು ಡಾಕ್ಟರ್ ಪ್ರಜ್ಞಾ ಕೇಳಿದಾಗ ಅನುರಾಧಾ ತಲೆಯಲ್ಲಾಡಿಸಿದಳು. "ಇಲ್ರಿ, ನಾ ಮನ್ಯಾಗೇ ಇರ್ತೀನಿ. ಪಾಳಿ ಅವರಿಗದ."

ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಮುಟ್ಟು ತನಗೆ ತೋಚಿದಾಗ ಬರುತ್ತಿತ್ತು. ತಾವಿರುವ ನಾಶಿಕ್ ಊರಿನಲ್ಲಿ ನುಂಗಿದ ಗುಳಿಗೆಗಳಿಂದ ಏನೂ ಆಗದಿದ್ದಾಗ ನಾದಿನಿ ರೂಪಾ ತಾನಿರುವ ಸಂಭಾಜಿನಗರಕ್ಕೆ ಕರೆಸಿಕೊಂಡಿದ್ದಳು. ಡಾಕ್ಟರು ಬೀದರ್ ಕಡೆಯವರು. ಕನ್ನಡದಲ್ಲಿ ಹೇಳಿಕೊಳ್ಳಬಹುದೆಂಬುದೇ ಒಂದು ಧೈರ್ಯ.

"ರಾತ್ರಿ ಯಾವಾಗ ಮಲಗ್ತೀರಿ?"

ಅದಕ್ಕೊಂದು ಹೊತ್ತಿಲ್ಲವೆಂದು ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಗಂಡ ರವಿಕಾಂತನ ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಕಲಬುರಗಿಯಿಂದ ಬಂದು ನೆಲೆಸಿದ ಆ ಮನೆತನದಲ್ಲಿ ಗಂಡಸು ಹೊರಡುವಾಗಲೂ ಬಂದಾಗಲೂ ಹಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿಯೇ ಆಗಬೇಕು. ಡಬ್ಬಿಯಲ್ಲಿಟ್ಟರೆ ರೊಟ್ಟಿ ಬೆವರುತ್ತದೆಂದು ಅತ್ತೆ ಪಾರ್ವತಿಬಾಯಿಯ ತಕರಾರು. ರಾತ್ರಿಪಾಳಿ ಮುಗಿಸಿ, ಉಂಡು, ರವಿಕಾಂತ ಪರದೆ ಎಳೆದು ಮಲಗುತ್ತಾನೆ. ಅವಳಿಗೆ ಆಗ ನಳದ ನೀರು, ಅತ್ತೆಯ ಚಹಾ, ಅವನ ಎಣ್ಣೆ ಹತ್ತಿದ ಬಟ್ಟೆ.

"ಮತ್ತ ಪಾಳಿ ಇಲ್ಲ ಅಂದ್ರಿ?" ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡ್ರಿ, ಮೆದುಳಿನ್ಯಾಗ ಒಂದು ಗಡಿಯಾರ ಅದ. ಕಣ್ಣಿಗೆ ಬೀಳೋ ಬೆಳಕಿನ ಮ್ಯಾಲೆ ಹಗಲು ಯಾವುದು, ರಾತ್ರಿ ಯಾವುದು ಅಂತ ತಿಳ್ಕೊಂತದ. ತತ್ತಿ ಬಿಡಿಸೋ ಹಾರ್ಮೋನಿಗೆ ಹೊತ್ತು ತಿಳಿಸೋದ್ರಾಗ ಅದರದೂ ಪಾಲದ. ನಿದ್ದಿ ಹಿಂಗ ದಿಕ್ಕಾಪಾಲಾದ್ರ ಆ ಸುದ್ದಿ ವ್ಯಾಳ್ಯಾಕ್ಕ ಮುಟ್ಟಲಿಕ್ಕಿಲ್ಲ. ಇದೊಂದೇ ಕಾರಣ ಅಂತ ನಾ ಹೇಳೂದಿಲ್ಲ. ಮೂರು ತಿಂಗಳು ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳ್ರಿ. ಆಮ್ಯಾಲೆ ಬರ್ರಿ."

ಮನೆಗೆ ಬಂದು ಹೇಳಿದಳು. ರವಿಕಾಂತ ಕೂಡಲೇ ಒಪ್ಪಿದ. "ನೀ ಮಲಗು. ನಂದು ಹೆಂಗರ ಆಗ್ತದ."

ಮುಂಜಾನೆ ಪಾಳಿಯ ಮೊದಲ ದಿನ, ಬೆಳಕು ಹರಿಯುವ ಮೊದಲೇ, ರೊಟ್ಟಿ ಬಡಿಯುವ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಅತ್ತೆ ಕಟ್ಟೆಗೆ ಸೊಂಟ ಆನಿಸಿ, ಬಾತ ಬೆರಳುಗಳಲ್ಲಿ ಹಿಟ್ಟು ತಟ್ಟುತ್ತಿದ್ದಳು. ರವಿಕಾಂತ ತಟ್ಟೆಯ ಮುಂದೆ ಮೊಬೈಲ್ ನೋಡುತ್ತಿದ್ದ.

"ಅವ್ವಾ, ಇನ್ನೊಂದು ಹಾಕು."

ಅನುರಾಧಾಳನ್ನು ಕಂಡು ಪಾರ್ವತಿಬಾಯಿ, "ಯಾಕ ಎದ್ದಿ? ಹೋಗು, ಮಲಕ್ಕೋ," ಎಂದಳು. ಆ ಮಾತಿನಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ. ಆಮೇಲೆ ಹಂಚಿನತ್ತ ನೋಡುತ್ತಲೇ ಹೇಳಿದಳು: "ಇವರಪ್ಪಂದೂ ಮಿಲ್ಲಿನ ಪಾಳಿನೇ ಇತ್ತು. ಇಂವ ಹುಟ್ಟೂತನಾ ಎಲ್ಲಾರೂ ನನಗ ಬಂಜಿ ಅಂತಿದ್ರು. ಗಡಿಯಾರದ ಮಾತು ಆಗ ಯಾರ್ ಹೇಳ್ಬೇಕು?"

ಅನುರಾಧಾ ಗಂಡನನ್ನು ನೋಡಿದಳು. ಅವನಿಗೆ ಕೇಳಿಸಿತ್ತು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. ರಾತ್ರಿಯೇ ಮಾಡಿಟ್ಟ ತಣ್ಣನೆಯ ರೊಟ್ಟಿ ತಿನ್ನುತ್ತೇನೆಂದು ಅವನು ಹೇಳಲಿಲ್ಲ. ತಿನ್ನಿರೆಂದು ಅವಳೂ ಹೇಳಲಿಲ್ಲ. ಅತ್ತೆಯ ಕೈಯಲ್ಲಿ ಮುಂದಿನ ರೊಟ್ಟಿ ಹರಿಯಿತು.

"ಸರೀರಿ ಅತ್ತಿ," ಎಂದು ಅನುರಾಧಾ ಹಿಟ್ಟು ತನ್ನತ್ತ ಎಳೆದುಕೊಂಡಳು.

ಮೂರು ತಿಂಗಳು ಕಳೆದ ಮೇಲೆ ರೂಪಾ ಫೋನ್ ಮಾಡಿದಳು. "ವೈನಿ, ಡಾಕ್ಟರ್ ಕೇಳ್ಲಿಕತ್ತಾರ. ಯಾವಾಗ ಬರ್ತೀರಿ?"

"ಬಂದು ಏನ್ ಹೇಳ್ಲಿ, ರೂಪಾ? ಅವರು ಹೇಳಿದ್ದು ಒಂದೇ ಒಂದು ಕೆಲಸ. ಮಲಗೋದು. ಅದು ನನ್ನಿಂದ ಆಗ್ಲಿಲ್ಲ."